ಲೋಡಿಯ ಪಟ

“ಈ ಮನುಷ್ಯನಿಗೆ ಮುಖ ಅನ್ನೋದೇ ಇರಲಿಲ್ಲವೇನಪ್ಪಾ?”

ಬೋರಲಿಂಗಯ್ಯನವರು ಹಾಗೆ ಕೇಳಿದ್ದು ಯಾರನ್ನೂ ಅಲ್ಲ. ಕೋಲ್‌ಬ್ರೂಕ್ ಲೈಬ್ರರಿಯ ನೆಲಮಾಳಿಗೆಯಲ್ಲಿ ಆ ಹೊತ್ತು ಇದ್ದದ್ದು ಅವರು, ಒಂದು ಮೈಕ್ರೋಫಿಲ್ಮ್ ಯಂತ್ರ, ಸೋರುವ ಪೈಪಿನ ಕೆಳಗಿಟ್ಟ ಒಂದು ಬಕೆಟ್ಟು, ಇಷ್ಟೇ. ಯಂತ್ರದ ಪರದೆಯ ಮೇಲೆ ಅರವತ್ತು ವರ್ಷದ ಹಿಂದಿನ ಪತ್ರಿಕೆಯ ಪುಟವೊಂದು ಬೆಳಗುತ್ತಿತ್ತು. ಬಕೆಟ್ಟು ಟಪ್ ಎಂದಿತು. ಅದೊಂದೇ ಉತ್ತರ.

ಕೋಲ್‌ಬ್ರೂಕ್ ಎಂಬುದು ಅಮೆರಿಕದ ನ್ಯೂಜೆರ್ಸಿಯಲ್ಲಿ, ಬ್ರಿಡ್ಜ್‌ವಾಟರಿನಿಂದ ಹತ್ತು ನಿಮಿಷ ಡ್ರೈವ್ ಮಾಡಿದರೆ ಸಿಗುವ ಪುಟ್ಟ ಊರು. ಒಂದು ಕಾಲಕ್ಕೆ ಅಲ್ಲೊಂದು ಟೋಪಿ ಕಾರ್ಖಾನೆ ಇತ್ತು. ಆ ಕಾರ್ಖಾನೆಯ ನೆರಳಿನಲ್ಲಿ ಬೆಳೆದ ಬೇಸ್‌ಬಾಲ್ ತಂಡವೊಂದಿತ್ತು, ಹ್ಯಾಟರ್ಸ್ ಎಂದು. ದೊಡ್ಡ ಲೀಗಿನವರಲ್ಲ, ಊರೂರಿನ ಮಕ್ಕಳು ಫೋಟೋ ಕೂಡಿಡುವಂಥವರಲ್ಲ. ಮೈನರ್ ಲೀಗಿನ ಕಟ್ಟಕಡೆಯ ಮೆಟ್ಟಿಲ ಮೇಲೆ ನಿಂತು, ಮೇಲಿನವರು ಇಂದು ಕರೆದಾರು ನಾಳೆ ಕರೆದಾರು ಎಂದು ಕಾದವರು. ಯಾರೂ ಕರೆಯಲಿಲ್ಲ. 1949ರ ಬೇಸಿಗೆಯೊಂದಿಗೆ ತಂಡವೂ ಮುಗಿಯಿತು. ಹುಡುಗರು ಹಾಲು ಹಾಕುವುದಕ್ಕೋ, ಲಾರಿ ಓಡಿಸುವುದಕ್ಕೋ, ಇನ್ನೊಂದು ಯುದ್ಧಕ್ಕೋ ಹೋದರು.

ಆ ಕೊನೆಯ ಬೇಸಿಗೆಯಲ್ಲಿ ಹ್ಯಾಟರ್ಸ್ ಪರವಾಗಿ ಆಡಿದವರು ಹದಿನೆಂಟು ಜನ. ಹದಿನೇಳು ಜನರ ಮುಖ ಸಿಕ್ಕಿತ್ತು. ಹದಿನೆಂಟನೆಯವನದು ಮಾತ್ರ ಸಿಕ್ಕಿರಲಿಲ್ಲ. ಪತ್ರಿಕೆಯ ಅಂಕಪಟ್ಟಿಯಲ್ಲಿ ಅವನಿಗೆಂದು ಇದ್ದದ್ದು ಒಂದೇ ಪದ: ಲೋಡಿ. ಕೆಲಸ ಪಿಚರ್, ಅಂದರೆ ನಮ್ಮ ಕ್ರಿಕೆಟ್ಟಿನ ಬೌಲರ್ ಇದ್ದ ಹಾಗೆ. ಆಡಿದ್ದು ಒಂದೇ ಒಂದು ಆಟ, ಆಗಸ್ಟ್ ಇಪ್ಪತ್ತೊಂದು, ಭಾನುವಾರ. ಎಡಗೈ. ಲೀಗಿಗೇ ಮೊದಲಾಗಿದ್ದ ತಂಡಕ್ಕೆ ಒಂದೇ ಒಂದು ರನ್ನೂ ಕೊಡದೆ ಗೆದ್ದ. ಆಮೇಲೆ ಆಕಾಶ ನುಂಗಿತೋ ಭೂಮಿ ನುಂಗಿತೋ, ಮಾಯ.

ಈ ಹುಡುಕಾಟಕ್ಕೆ ಬೋರಲಿಂಗಯ್ಯನವರು ಬಂದದ್ದೂ ಒಂದು ಕಥೆಯೇ. ಫೆಬ್ರವರಿಯಲ್ಲಿ ಅವರ ಔಷಧದ ಕಂಪನಿ ಒಂದೇ ಬೆಳಿಗ್ಗೆ ನೂರಾನಲವತ್ತು ಜನರನ್ನು ಮನೆಗೆ ಕಳಿಸಿತು. ಇಪ್ಪತ್ತೆರಡು ವರ್ಷ ಯಂತ್ರಗಳ ಗುಣಮಟ್ಟ ನೋಡಿಕೊಂಡಿದ್ದ ಅವರು ಒಂದು ರಟ್ಟಿನ ಡಬ್ಬ ಹಿಡಿದು ಪಾರ್ಕಿಂಗ್ ಲಾಟಿನಲ್ಲಿ ನಿಂತಿದ್ದರು. ಡಬ್ಬದಲ್ಲಿ ಒಂದು ಕಾಫಿ ಮಗ್ಗು, ಒಂದು ನಂಜುಂಡೇಶ್ವರನ ಪಟ. ಕೆಲಸ ಹುಡುಕುವವರಿಗೆ ಲೈಬ್ರರಿಯಲ್ಲಿ ರೆಸ್ಯೂಮೆ ಬರೆಯಲು ಕಲಿಸುತ್ತಾರೆ ಎಂದು ಮಗಳು ಹೇಳಿದಳು, ಬಂದರು. ರೆಸ್ಯೂಮೆ ಬರೆಯುತ್ತಿದ್ದಾಗ ಕಚೇರಿಯ ಕೋಣೆಯಿಂದ ರೇಡಿಯೋ ಕೇಳಿಸಿತು.

ಆ ರೇಡಿಯೋವೇ ಎಲ್ಲಕ್ಕೂ ಮೂಲ. ಇಬ್ಬರು ಬೇಸ್‌ಬಾಲ್ ಆಟ ಹೇಳುತ್ತಿದ್ದರು. ಒಬ್ಬ ಆದದ್ದನ್ನು ಏರಿಳಿಸಿ ಹೇಳುವುದು. ಅವನು ಉಸಿರು ನಿಲ್ಲಿಸಿದ ಕಡೆ ಇನ್ನೊಬ್ಬ ತಣ್ಣಗೆ ಅದರ ಅರ್ಥ ಬಿಡಿಸುವುದು. ಬೋರಲಿಂಗಯ್ಯನವರ ಬೆರಳು ಕೀಲಿಮಣೆಯ ಮೇಲೆ ನಿಂತುಬಿಟ್ಟವು. ತಮ್ಮೂರು ಹುಲ್ಲಹಳ್ಳಿಯಲ್ಲಿ, ಶ್ರಾವಣದ ಸಂಜೆ, ಗುಡಿಯ ಜಗುಲಿಯ ಮೇಲೆ ಇದೇ ಅಲ್ಲವೇ ನಡೆಯುತ್ತಿದ್ದದ್ದು? ಮೇಷ್ಟ್ರು ಷಟ್ಪದಿ ರಾಗವಾಗಿ ಓದುವರು, ಶಾನುಭೋಗರು ಅರ್ಥ ಹೇಳುವರು. ಹುಡುಗ ಬೋರಲಿಂಗ ಕಂಬಕ್ಕೊರಗಿ ಕೇಳುವನು. ಅವನಿಗೆ ಹಾಡಲು ಬರದು, ಮಾತೂ ಕಡಮೆ, ಕೇಳುವುದೊಂದು ಬಂದಿತ್ತು. ಯುದ್ಧದ ಭಾಗದಲ್ಲಿ ಬರೀ ಹೆಸರೇ ಇರುವ ಪದ್ಯಗಳು ಬರುತ್ತಿದ್ದವು. ಅರ್ಧ ಸಾಲಿಗೆ ಬಂದು ಉಳಿದರ್ಧ ಸಾಲಿಗೆ ಸಾಯುವ ವೀರರು. ಕೇಳುವವರು ಆಕಳಿಸಿ, “ಮುಂದಕ್ಕೆ ಹೋಗಿ ಮೇಷ್ಟ್ರೇ” ಎನ್ನುತ್ತಿದ್ದರು. ಮೇಷ್ಟ್ರು ಒಂದು ಹೆಸರನ್ನೂ ಬಿಡುತ್ತಿರಲಿಲ್ಲ. “ಅವನೂ ಯಾರೋ ತಾಯಿ ಹೆತ್ತ ಮಗ ಕಣ್ರೋ. ಅವನ ಪಾಲಿಗಿರೋದೇ ಅರ್ಧ ಸಾಲು. ಅದನ್ನೂ ನುಂಗಿಬಿಡಲಾ?” ಎಂದು ಅದನ್ನೇ ಇನ್ನೊಮ್ಮೆ, ಇನ್ನೂ ನಿಧಾನವಾಗಿ ಓದುತ್ತಿದ್ದರು.

ಅವತ್ತು ರೇಡಿಯೋ ಜಾಡು ಹಿಡಿದು ಕಚೇರಿಯ ಕೋಣೆಗೆ ಹೋದ ಬೋರಲಿಂಗಯ್ಯನವರಿಗೆ ಸಿಕ್ಕವರು ಮಾರ್ಗರೆಟ್. ಎಪ್ಪತ್ತೊಂದು ವರ್ಷದ ಲೈಬ್ರರಿಯನ್. ಮೂಗಿನ ತುದಿಗೆ ಕನ್ನಡಕ, ಕಾಲಿಗೆ ಸದಾ ಬಿಳಿ ಸ್ನೀಕರ್ಸು. ಗೋಡೆಯ ಮೇಲೆ ಹದಿನೆಂಟು ಖಾಲಿ ಚೌಕಟ್ಟು ತೂಗುಹಾಕಿ, ಕೆಳಗೆ ಹದಿನೆಂಟು ಹೆಸರು ಬರೆದಿಟ್ಟುಕೊಂಡು ಕೂತಿದ್ದರು. “ನನ್ನ ಅಪ್ಪ ಈ ತಂಡಕ್ಕೆ ಟಿಕೆಟ್ ಹರಿಯುತ್ತಿದ್ದ. ಇವರ ಮುಖ ಒಂದಾದರೂ ಈ ಊರಲ್ಲಿ ಉಳಿದಿಲ್ಲ” ಎಂದರು. ಅಷ್ಟು ಸಾಕಾಯಿತು. ಅಂದಿನಿಂದ ಇಬ್ಬರೂ ಶಾಲೆಗಳ ಹಳೆಯ ವಾರ್ಷಿಕ ಪುಸ್ತಕ, ಸಾವಿನ ಪ್ರಕಟಣೆ, ಮೊಮ್ಮಕ್ಕಳ ಮನೆಯ ಅಟ್ಟ ಎಲ್ಲವನ್ನೂ ಜಾಲಾಡಿದ್ದರು. ಒಬ್ಬನ ಮುಖ ಮದುವೆಯ ಆಲ್ಬಮ್ಮಿನಲ್ಲಿ ಸಿಕ್ಕಿತು, ಇನ್ನೊಬ್ಬನದು ಮೀನು ಹಿಡಿದ ಫೋಟೋದಲ್ಲಿ, ಮೀನಿನ ಹಿಂದೆ.

ಈಗ ಉಳಿದದ್ದು ಐದೇ ದಿನ. 2009ರ ಜೂನ್, ಸೋಮವಾರ. ಕೌಂಟಿಯವರು, ಅಂದರೆ ಜಿಲ್ಲಾಡಳಿತದವರು, ಈ ಲೈಬ್ರರಿ ಶಾಖೆಯನ್ನು ಬರುವ ಶನಿವಾರಕ್ಕೆ ಮುಚ್ಚುತ್ತಿದ್ದರು. ಪಟಗಳನ್ನು ಟೌನ್ ಹಾಲಿನ ಮೊಗಸಾಲೆಗೆ ಸಾಗಿಸಲು ಅಲ್ಲಿಯ ಕ್ಲಾರ್ಕು ಒಪ್ಪಿದ್ದ, ಒಂದು ಷರತ್ತಿನ ಮೇಲೆ: “ಹದಿನೆಂಟೂ ಇರಬೇಕು. ಖಾಲಿ ಚೌಕಟ್ಟನ್ನು ನಾನು ಗೋಡೆಗೆ ಹೊಡೆಯಲ್ಲ. ಇಲ್ಲದಿದ್ದರೆ ಎಲ್ಲ ಪೆಟ್ಟಿಗೆಗೆ ಹಾಕಿ ಗೋಡೌನಿಗೆ.” ಗೋಡೌನಿಗೆ ಹೋದದ್ದು ತಿರುಗಿ ಬಂದ ಉದಾಹರಣೆ ಮಾರ್ಗರೆಟ್‌ಗೆ ನೆನಪಿರಲಿಲ್ಲ.

ಲೋಡಿ ಎಂಬ ಮನೆತನದ ಹೆಸರಿರುವ ಮೂವತ್ತೊಂದು ಮನೆಗೆ ಇಬ್ಬರೂ ಫೋನು ಮಾಡಿ ಆಗಿತ್ತು. ಒಂದು ಮನೆಯವರು ಬೈದರು, ಒಂದು ಮನೆಯವರು ಊಟಕ್ಕೆ ಕರೆದರು. ಎಡಗೈಯವನು ಮಾತ್ರ ಯಾರ ಮನೆಯಲ್ಲೂ ಹುಟ್ಟಿರಲಿಲ್ಲ. ತಂಡದಲ್ಲಿ ಇನ್ನೂ ಬದುಕಿದ್ದ ಮೂವರಿಗೂ ಒಂದೇ ದಿನ ಬಂದುಹೋದ ಅವನ ನೆನಪಿರಲಿಲ್ಲ.

ಮೆಟ್ಟಿಲ ಮೇಲೆ ಸ್ನೀಕರ್ಸಿನ ಸದ್ದಾಯಿತು.

“ಹುಲ್ಲಾ! ಏ ಹುಲ್ಲಾ! ನಿನ್ನ ಹೆಂಡತಿ ಫೋನಿನಲ್ಲಿದ್ದಾಳೆ.”

ಹುಲ್ಲಾ ಅಂದರೆ ಬೋರಲಿಂಗಯ್ಯನವರೇ. ಪಾಸ್‌ಪೋರ್ಟ್ ಮಾಡಿಸುವಾಗ, ಎಚ್. ಬೋರಲಿಂಗಯ್ಯ ಎಂಬಲ್ಲಿನ ‘ಎಚ್’ ಬಿಡಿಸಿ ಬರೆಯಿರಿ ಎಂದಿದ್ದರು. ಬರೆದರು, ಹುಲ್ಲಹಳ್ಳಿ ಎಂದು. ಅಮೆರಿಕದವರು ಮೊದಲಿದ್ದದ್ದೇ ಹೆಸರು ಅಂದುಕೊಂಡರು. ಆಫೀಸಿನ ಬ್ಯಾಡ್ಜಿನಲ್ಲಿ ಹುಲ್ಲಹಳ್ಳಿ, ಮೀಟಿಂಗಿನಲ್ಲಿ ಹುಲ್ಲಾ. ಇಪ್ಪತ್ತೆರಡು ವರ್ಷ ಊರಿನ ಹೆಸರಿಗೆ ಓಗೊಟ್ಟು ಓಗೊಟ್ಟು, ಕೊನೆಗೆ ಮನೆಗೆ ಕಳಿಸುವ ಕಾಗದವೂ ಹುಲ್ಲಹಳ್ಳಿಯ ಹೆಸರಿಗೇ ಬಂದಿತ್ತು.

ಅವರು ಮೇಲೆ ಹೋಗಿ ಫೋನು ಹಿಡಿದರು. ಅತ್ತ ಅಕ್ಕಮ್ಮ, ಅವರ ಹೆಂಡತಿ.

“ರೀ, ಒಂದೇ ಒಂದು ಹಾರ ಉಳಿದಿದೆ. ಆ ಹದಿನೆಂಟನೆಯವರು ಇದ್ದಾರೋ, ಹೋದರೋ? ಅದನ್ನ ಹೇಳಿ ಮೊದಲು.”

ಇದು ಅಕ್ಕಮ್ಮನ ಪಾಲಿನ ಕೆಲಸ. ಚೌಕಟ್ಟು ಹಾಕಿಸಿದ ಪಟಗಳನ್ನು ಮನೆಗೆ ತಂದು ಒರೆಸುವಾಗ ಅವರು, “ಇವರಲ್ಲಿ ಎಷ್ಟು ಜನ ಹೋಗಿದ್ದಾರೆ?” ಎಂದು ಕೇಳಿದ್ದರು. ಹದಿನಾಲ್ಕು. ಮೈಸೂರಿನಿಂದ ದೇವಸ್ಥಾನದ ಸಮಾರಂಭಕ್ಕೆಂದು ತಂದಿದ್ದ ಗಂಧದ ಚಕ್ಕೆಯ ಹಾರಗಳು ಬೀರುವಿನಲ್ಲಿದ್ದವು. ಹೋದವರ ಪಟವನ್ನು ಬೋಳಾಗಿ ಬಿಡುವುದುಂಟೇ? ಹದಿನಾಲ್ಕಕ್ಕೂ ಹಾರ ಬಿತ್ತು, ಗಂಧದ ಬೊಟ್ಟು ಬಿತ್ತು. ಬದುಕಿರುವ ಮೂವರ ಪಟ ಹಾಗೇ ಉಳಿಯಿತು. ಗೋಡೆಯ ಮೇಲೆ ನೋಡಿದ ಮಾರ್ಗರೆಟ್ ಹಿಗ್ಗಿಹೋಗಿ, “ಎಷ್ಟು ಚೆಂದ! ಈ ಮೂವರಿಗೆ ಯಾಕಿಲ್ಲ?” ಎಂದಿದ್ದರು. ಬೋರಲಿಂಗಯ್ಯನವರು ಎಂದೂ ಸುಳ್ಳಾಡದವರು, ಅಂದು ಮುಜುಗರಕ್ಕೆ, “ಅಳತೆ ಸರಿಹೋಗಲಿಲ್ಲ” ಎಂದುಬಿಟ್ಟಿದ್ದರು. ಮನೆಗೆ ಹೋಗುವ ದಾರಿಯಲ್ಲಿ ಅಕ್ಕಮ್ಮ ಬಿಡಲಿಲ್ಲ. “ಇರೋದನ್ನ ಇದ್ದ ಹಾಗೆ ಹೇಳೋದಲ್ವಾ? ಕೊರಳಿಗೆ ಹಾಕಿದರೆ ಸನ್ಮಾನ, ಪಟಕ್ಕೆ ಹಾಕಿದರೆ ತಿಥಿ ಅಂತ. ಅದಕ್ಕೇನು ಇಂಗ್ಲಿಷ್ ಇಲ್ವಾ?”

“ಇನ್ನೂ ಗೊತ್ತಿಲ್ಲ ಕಣೇ” ಎಂದರು ಈಗ ಬೋರಲಿಂಗಯ್ಯನವರು. “ಯಾರು ಅಂತಲೇ ಗೊತ್ತಿಲ್ಲ. ಇದ್ದಾರೋ ಹೋದರೋ ಹೇಗೆ ಹೇಳಲಿ?”

ಫೋನು ಇಟ್ಟರು. ಹಿಂದಿನಿಂದ ಮಾರ್ಗರೆಟ್, “ಕಾಫಿ ಕುಡೀತೀಯಾ ಹುಲ್ಲಾ?” ಎಂದರು.

ಬೋರಲಿಂಗಯ್ಯನವರು ತಿರುಗಲಿಲ್ಲ. ಹಾಗೆಯೇ ನಿಂತರು. ಕಿವಿಯೊಳಗೆ ಏನೋ ತಾಳ ಸೇರಿದಂತಾಯಿತು.

“ಇನ್ನೊಂದು ಸಲ ಕರೀರಿ.”

“ಏನನ್ನ?”

“ನನ್ನನ್ನ!”

“ಹುಲ್ಲಾ?”

“ಮಾರ್ಗರೆಟ್, ಲೋಡಿ ಅನ್ನೋ ಊರು ಇದೆಯೇ?”

“ಇಲ್ಲದೆ ಏನು? ಮೇಲ್ಗಡೆ, ರೂಟ್ ಎಂಬತ್ತರ ಪಕ್ಕದಲ್ಲಿ. ನಮ್ಮ ಅತ್ತಿಗೆ ಅಲ್ಲೇ…” ಮಾರ್ಗರೆಟ್ ಅಲ್ಲಿಗೇ ನಿಂತರು. ಕನ್ನಡಕ ಮೂಗಿನಿಂದ ಜಾರಿ ಎದೆಯ ಮೇಲೆ ಬಿತ್ತು.

“ಅದು ಹೆಸರಲ್ಲ!” ಬೋರಲಿಂಗಯ್ಯನವರ ದನಿ ಎಷ್ಟು ಏರಿತೆಂದರೆ ಪತ್ರಿಕೆ ಓದುತ್ತಿದ್ದ ಇಬ್ಬರು ಮುದುಕರು ತಲೆಯೆತ್ತಿದರು. “ಊರು! ನನಗೆ ಮಾಡಿದ ಹಾಗೇ ಅವನಿಗೂ ಮಾಡಿದ್ದಾರೆ. ನಮ್ಮ ಕಡೆ ಇಬ್ಬರು ಬೋರಲಿಂಗರಿದ್ದರೆ ಊರು ಸೇರಿಸಿ ಕರೀತೀವಿ. ಅಂಕ ಬರೆದವನು ಊರೊಂದನ್ನೇ ಬರೆದು ಕೈತೊಳಕೊಂಡಿದ್ದಾನೆ!”

“ಮೂವತ್ತೊಂದು ಫೋನು!” ಎಂದರು ಮಾರ್ಗರೆಟ್. “ನಾನು ಹುಟ್ಟಿದ್ದೇ ನ್ಯೂಜೆರ್ಸಿಯಲ್ಲಿ, ದೇವರೇ! ನೀನು ಹೇಳಬೇಕಾಯಿತಲ್ಲ ನನಗೆ!” ಇಬ್ಬರೂ ಕೈಹಿಡಿದು ಕುಣಿಯುವುದೊಂದು ಬಾಕಿ. ಲೈಬ್ರರಿಯಲ್ಲಿ ಗದ್ದಲ ಮಾಡಬಾರದೆಂಬ ಬೋರ್ಡು ಮಾರ್ಗರೆಟ್‌ರ ತಲೆಯ ಮೇಲೇ ಇತ್ತು.

ಮರುದಿನ ಬೆಳಿಗ್ಗೆ ಪೂಜೆ ಮುಗಿಸಿ, ವಿಭೂತಿ ಅಳಿಸದೆಯೇ, ಬೋರಲಿಂಗಯ್ಯನವರು 287ನೇ ಹೆದ್ದಾರಿ ಹತ್ತಿದರು. ಲೋಡಿ ಮುಟ್ಟಿದಾಗ ಹತ್ತೂವರೆ. ಯಾರನ್ನು ಕೇಳುವುದು? ಅವರಿಗೆ ತಮ್ಮೂರೇ ನೆನಪಾಯಿತು. ಹುಲ್ಲಹಳ್ಳಿಯಲ್ಲಿ ಯಾರ ಸುದ್ದಿ ಬೇಕಾದರೂ ಕ್ಷೌರದ ಅಂಗಡಿಗೆ ಹೋದರೆ ಆಯಿತು. ಇಲ್ಲೂ ಒಂದು ಇತ್ತು. ಕೆಂಪು ಬಿಳಿ ನೀಲಿ ಪಟ್ಟೆಯ ಕಂಬ ಬಾಗಿಲಲ್ಲಿ ತಿರುಗುತ್ತಿತ್ತು. ಒಳಗೆ ಸಾಲ್ ಎಂಬ ದಪ್ಪ ಮೀಸೆಯವನು ಒಬ್ಬನೇ ಕೂತಿದ್ದ. ಅವನು ಬೋರಲಿಂಗಯ್ಯನವರನ್ನು ಕುರ್ಚಿಗೆ ಕೂರಿಸಿ, ಬಿಳಿಬಟ್ಟೆ ಹೊದಿಸಿ, ಅವರ ತಲೆಯನ್ನು ಎರಡು ಕಡೆಯಿಂದ ನೋಡಿದ.

“ಸರ್, ಬೇಜಾರು ಮಾಡ್ಕೋಬೇಡಿ. ಇದರಲ್ಲಿ ಕತ್ತರಿಸೋಕೆ ಏನಿದೆ?”

“ಇರೋದನ್ನ ಕತ್ತರಿಸಿ. ನನಗೆ ಬೇಕಿರೋದು ಬೇರೆ. 1949ರಲ್ಲಿ ನಿಮ್ಮೂರಲ್ಲಿ ಎಡಗೈಯಿಂದ ಬಾಲ್ ಎಸೆಯುತ್ತಿದ್ದವರು ಯಾರು?”

ಸಾಲ್‌ನ ಕತ್ತರಿ ಗಾಳಿಯಲ್ಲೇ ನಿಂತಿತು.

“ನಿಕ್ ಫುಸ್ಕೊ” ಎಂದ, ಯೋಚಿಸದೆಯೇ. “ನಮ್ಮಪ್ಪ ಸಾಯೋವರೆಗೂ ಅವನ ಕೈಯನ್ನೇ ಹೇಳೋನು. ಬಣ್ಣದ ಕಾರ್ಖಾನೆ ಹುಡುಗ. ಅಲ್ಲಿ ನೋಡಿ, ಕನ್ನಡಿ ಮೇಲೆ.”

ಬೋರಲಿಂಗಯ್ಯನವರು ಬಿಳಿಬಟ್ಟೆ ಸಮೇತ ಎದ್ದರು. ಕನ್ನಡಿಯ ಮೇಲೆ ಸಾಲಾಗಿ ತೂಗಿದ್ದ ಪಟಗಳಲ್ಲಿ ಒಂದು, ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯವರ ಪಿಕ್‌ನಿಕ್ಕಿನದು, 1948. ಮೂಲೆಯಲ್ಲೊಬ್ಬ ಹುಡುಗ. ಉದ್ದನೆಯ ಕತ್ತು, ಸಾರಿನ ಸೌಟಿನಂತೆ ಆಚೆಗೆ ಚಾಚಿದ ಕಿವಿ, ಎಡಗೈಯಲ್ಲಿ ಬಾಲು. ಕ್ಯಾಮೆರಾ ನೋಡದೆ ಬಾಲನ್ನೇ ನೋಡಿ ನಗುತ್ತಿದ್ದಾನೆ. ಬೋರಲಿಂಗಯ್ಯನವರಿಗೆ ಮೈ ಜುಮ್ಮೆಂದಿತು. ನಾಲ್ಕು ತಿಂಗಳಿಂದ ಒಂದು ಪದವಾಗಿ ಮಾತ್ರ ಇದ್ದವನು ಕಿವಿ ಸಮೇತ ಎದುರಿಗೆ ನಿಂತಿದ್ದ.

“ನಾನು ಇವರನ್ನ ಎಲ್ಲೆಲ್ಲಿ ಹುಡುಕಿದೆ ಗೊತ್ತೇ!” ಎಂದು ಸಾಲ್‌ನ ಎರಡೂ ಕೈ ಹಿಡಿದು, ಕತ್ತರಿ ಸಮೇತ, ಕುಲುಕಿದರು. ಲೈಬ್ರರಿ, ಹದಿನೆಂಟು ಪಟ, ಶನಿವಾರ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದರು. ಆಮೇಲೆ ದನಿ ತಗ್ಗಿಸಿ, “ಅವರು ಈಗ…?” ಎಂದರು.

ಸಾಲ್ ತಲೆಯಾಡಿಸಿದ. “ಹೀ ಈಸ್ ಗಾನ್.”

ಹೋದರು. ಬೋರಲಿಂಗಯ್ಯನವರ ಕಿವಿಗೆ ಅದು ಕನ್ನಡವಾಗಿಯೇ ಬಿತ್ತು.

“ಯಾವಾಗ?”

“ಥ್ಯಾಂಕ್ಸ್‌ಗಿವಿಂಗ್ ಹಬ್ಬ ಆಗಿ ಒಂದು ವಾರಕ್ಕೆ, ಡಿಸೆಂಬರಿನಲ್ಲಿ. ಮನೆ ಬ್ಯಾಂಕಿನವರ ಪಾಲಾಯಿತು ನೋಡಿ. ಈ ಬೀದಿಯಲ್ಲೇ ನಾಲ್ಕು ಮನೆ ಹಾಗಾಯಿತು. ಆಮೇಲೆ ಅವನು ಒಂದು ತಿಂಗಳೂ ನಿಲ್ಲಲಿಲ್ಲ.”

“ಬಹಳ ನರಳಿದರೇ?”

“ಮೊಣಕಾಲು ಪಾಪ, ಹಿಮ ಎತ್ತಿ ಎತ್ತಿ. ಈಗ ಒಳ್ಳೇ ಜಾಗದಲ್ಲಿದ್ದಾನೆ ಬಿಡಿ. ಹಿಮ ಇಲ್ಲ, ಚಳಿ ಇಲ್ಲ.”

ಬೋರಲಿಂಗಯ್ಯನವರು ಪಟದ ಮುಂದೆ ಕಣ್ಣುಮುಚ್ಚಿ ಕೈಮುಗಿದರು. ಅದನ್ನು ನೋಡಿ ಗಲಿಬಿಲಿಗೊಂಡ ಸಾಲ್, ಸುಮ್ಮನಿರಲಾರದೆ ತಾನೂ ಶಿಲುಬೆಯ ಗುರುತು ಮಾಡಿಕೊಂಡ. ಆಮೇಲೆ ಪಟ ಇಳಿಸಿ, ಧೂಳು ಊದಿ, ಅವರ ಕೈಗಿಟ್ಟ.

“ತಗೊಂಡು ಹೋಗಿ. ಶನಿವಾರ ನಾನೇ ಬಂದು ವಾಪಸ್ ತರ್ತೀನಿ. ಈ ಸುದ್ದಿ ಇವತ್ತೇ ನಿಕ್‌ಗೆ ಹೇಳ್ತೀನಿ. ಕೇಳಿದರೆ ಕುಣಿದುಬಿಡ್ತಾನೆ!”

ಬೋರಲಿಂಗಯ್ಯನವರು ಪಟವನ್ನು ಎದೆಗೊತ್ತಿಕೊಂಡರು. ಹೋದವರ ಜೊತೆ ದಿನವೂ ಮಾತಾಡುವ ಈ ಕ್ಷೌರಿಕನ ಭಕ್ತಿ ಎಂಥದು! “ಹೇಳಿ, ಖಂಡಿತ ಹೇಳಿ” ಎಂದರು. “ಕೋಲ್‌ಬ್ರೂಕಿನವರು ಮರೆತಿಲ್ಲ ಅಂತ ಹೇಳಿ.”

ಕಾರಿಗೆ ಬಂದು ಕೂತು ಮೊದಲು ಮಾರ್ಗರೆಟ್‌ಗೆ ಫೋನು ಮಾಡಿದರು. ಅತ್ತಲಿಂದ ಬಂದ ಕೂಗಿಗೆ ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು. ಆಮೇಲೆ ಮನೆಗೆ.

“ಸಿಕ್ಕರು ಕಣೇ!”

“ಇದ್ದಾರೋ, ಹೋದರೋ?”

“ಹೋದರಂತೆ. ಡಿಸೆಂಬರಿನಲ್ಲಿ.”

“ಶಿವ ಶಿವ” ಎಂದರು ಅಕ್ಕಮ್ಮ. ಒಂದು ಗಳಿಗೆ ಬಿಟ್ಟು, “ಹಾರ ಸರಿಹೋಯ್ತು” ಎಂದರು.

ಬುಧವಾರ ಸ್ಕ್ಯಾನು, ಗುರುವಾರ ಚೌಕಟ್ಟು. ಮಗಳು ಮ್ಯಾನ್‌ಹಟನ್ನಿನ ಬ್ಯಾಂಕಿನಲ್ಲಿ ಊಟದ ಬಿಡುವಿನಲ್ಲಿ ಕೂತು ಪಟದ ಗೀರುಗಳನ್ನು ಕಂಪ್ಯೂಟರಿನಲ್ಲೇ ತೊಳೆದು ಕಳಿಸಿದಳು. ಕೆಳಗೆ ಇಂಗ್ಲಿಷಿನಲ್ಲಿ, ಕಿವಿಗಳು ಸೂಪರ್ ಅಪ್ಪಾ ಎಂದು ಬರೆದಿದ್ದಳು. ಅಕ್ಕಮ್ಮ ಕೊನೆಯ ಹಾರ ಹಾಕಿ, ಗಾಜಿನ ಮೇಲೆ ಗಂಧದ ಬೊಟ್ಟಿಟ್ಟು, “ಹಸುಮಗು ಥರ ಇದ್ದಾರಲ್ರೀ” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಶುಕ್ರವಾರ ಟೌನ್ ಹಾಲಿನ ಕ್ಲಾರ್ಕು ಬಂದ. ಗೋಡೆಯ ಮುಂದೆ ನಿಂತು ಬೆರಳು ಮಾಡಿ ಎಣಿಸಿದ. ಹದಿನೆಂಟು. ನಂಬದೆ ಇನ್ನೊಮ್ಮೆ ಎಣಿಸಿದ. “ಸರಿ, ಮಂಗಳವಾರ ಲಾರಿ ಕಳಿಸ್ತೀನಿ” ಎಂದು ಹೇಳಿ ಹೋದ. ಮಾರ್ಗರೆಟ್ ಮೇಜಿಗೆ ಒರಗಿ ನಿಂತರು. ಆಮೇಲೆ ರೇಡಿಯೋ ಹಾಕಿದರು, ಜೋರಾಗಿ.

ಶನಿವಾರ ಲೈಬ್ರರಿ ತುಂಬಿಹೋಯಿತು. ಮುಚ್ಚುವ ದಿನವಾದರೂ ಮದುವೆಮನೆಯ ಗದ್ದಲ. ಅಕ್ಕಮ್ಮನ ಕೋಡುಬಳೆ ಹತ್ತು ನಿಮಿಷದಲ್ಲಿ ಖಾಲಿ. ಆಟಗಾರರ ಹೆಣ್ಣುಮಕ್ಕಳು, ಮೊಮ್ಮಕ್ಕಳು ತಮ್ಮ ತಮ್ಮವರ ಪಟದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಬೋರಲಿಂಗಯ್ಯನವರು ಎಂದಿನಂತೆ ಕಂಬಕ್ಕೊರಗಿ ಕೇಳುತ್ತಿದ್ದರು. ಮಾರ್ಗರೆಟ್ ಒಂದೊಂದೇ ಹೆಸರು ಓದಿದರು, ಓದಿದ ಹೆಸರಿಗೆ ಚಪ್ಪಾಳೆ. ಒಂದು ಹೆಸರನ್ನೂ ಬಿಡಲಿಲ್ಲ. ಹದಿನೆಂಟನೆಯದಕ್ಕೆ ಬಂದಾಗ ದನಿ ಎತ್ತರಿಸಿದರು: “ಲೋಡಿಯ ನಿಕ್ ಫುಸ್ಕೊ!”

“ಇಲ್ಲಿದ್ದೀನಿ” ಎಂದಿತು ಬಾಗಿಲ ಕಡೆಯಿಂದ ಒಂದು ದನಿ.

ಎಲ್ಲರೂ ತಿರುಗಿದರು. ಸಾಲ್‌ನ ತೋಳು ಹಿಡಿದು ಒಬ್ಬ ಮುದುಕ ನಿಂತಿದ್ದ. ಬಿಸಿಲಿಗೆ ಕಂದಿದ ಮೈ, ಗಿಳಿಗಳ ಚಿತ್ತಾರವಿದ್ದ ಅಂಗಿ, ಎಡಗೈಯಲ್ಲಿ ಊರುಗೋಲು. ಬೋರಲಿಂಗಯ್ಯನವರು ನೋಡಿದ್ದು ಇದೊಂದನ್ನೂ ಅಲ್ಲ. ಕಿವಿ. ಸಾರಿನ ಸೌಟಿನಂಥ ಕಿವಿ.

“ರೀ” ಎಂದು ಅಕ್ಕಮ್ಮ ಅವರ ತೋಳನ್ನು ಉಗುರು ಊರುವಂತೆ ಹಿಡಿದರು. “ರೀ, ಇವರು ಇದ್ದಾರೆ!”

“ನೀವು ಹೋದರು ಅಂದಿರಿ!” ಎಂದರು ಬೋರಲಿಂಗಯ್ಯನವರು ಸಾಲ್ ಬಳಿಗೆ ಧಾವಿಸಿ.

“ಹೌದು, ಹೋದ. ಫ್ಲೋರಿಡಾಕ್ಕೆ. ಮಗಳ ಮನೆಗೆ. ನಿನ್ನೆ ಫ್ಲೈಟಿನಲ್ಲಿ ಬಂದ.”

“ಒಳ್ಳೇ ಜಾಗ ಅಂದಿರಿ!”

“ಹಿಮ ಇಲ್ಲ ಅಂತಲೂ ಹೇಳಿದೆ!”

ಅಷ್ಟರಲ್ಲಿ ನಿಕ್ ಫುಸ್ಕೊ ಗೋಡೆಯ ಹತ್ತಿರ ತಲುಪಿಯಾಗಿತ್ತು. ಜನ ದಾರಿ ಬಿಟ್ಟರು. ಮುದುಕ ಚೌಕಟ್ಟಿನೊಳಗಿನ ಹುಡುಗನ ಎದುರು ಬಹಳ ಹೊತ್ತು ನಿಂತ.

“ಅವತ್ತು ಭಾನುವಾರ, ಚರ್ಚಿನ ದಿನ” ಎಂದ, ಯಾರ ಕಡೆಯೂ ನೋಡದೆ. “ಭಾನುವಾರ ಆಡಿದರೆ ನಮ್ಮಮ್ಮ ಮನೆಗೆ ಸೇರಿಸುತ್ತಿರಲಿಲ್ಲ. ಹೆಸರು ಹಾಕಬೇಡಪ್ಪ, ಅಮ್ಮ ಪೇಪರ್ ಓದಿಸಿ ಕೇಳ್ತಾಳೆ ಅಂದೆ. ಯಾವೂರು ನಿಂದು ಅಂದ ಅಂಕ ಬರೆಯುವವನು. ಲೋಡಿ ಅಂದೆ. ಅದನ್ನೇ ಬರೆದ. ಫೋಟೋದವನು ಬಂದಾಗ ನೀರಿನ ಪೀಪಾಯಿಯ ಹಿಂದೆ ಅಡಗಿಕೊಂಡೆ. ಏನು ಪ್ರಯೋಜನ? ಸೋಮವಾರ ಅಮ್ಮ ಆ ಪದದ ಮೇಲೆ ಬೆರಳಿಟ್ಟಳು. ಈ ಊರಲ್ಲಿ ಎಡಗೈಯವರು ಎಷ್ಟು ಜನ ಇದ್ದಾರೆ ನಿಕ್ ಅಂದಳು. ಇನ್ನು ಮುಟ್ಟಲ್ಲ ಅಂತ ಮಾತೆ ಮೇರಿಯ ಮುಂದೆ ಮಾತು ಕೊಟ್ಟೆ. ಮುಟ್ಟಲಿಲ್ಲ.” ಅವನು ಊರುಗೋಲಿನ ತುದಿಯಿಂದ ಹಾರವನ್ನು ಮೆಲ್ಲಗೆ ತೋರಿಸಿದ. “ಇದು ಬಹಳ ಚೆನ್ನಾಗಿದೆ. ಏನಿದು? ವಾಸನೆ ಬರ್ತಿದೆ.”

ಅಳತೆ, ಅಲಂಕಾರ, ಸನ್ಮಾನ: ಮೂರು ಸುಳ್ಳು ಬೋರಲಿಂಗಯ್ಯನವರ ನಾಲಿಗೆಯ ತುದಿಗೇ ಬಂದು ನಿಂತವು. ಅಕ್ಕಮ್ಮ ಅವರನ್ನೇ ನೋಡುತ್ತಿದ್ದರು. ಅವರು ಮೂರನ್ನೂ ನುಂಗಿದರು.

“ಗಂಧದ ಹಾರ” ಎಂದರು. “ನಮ್ಮಲ್ಲಿ ಬದುಕಿರುವವರಿಗೆ ಇದನ್ನು ಕೊರಳಿಗೆ ಹಾಕುತ್ತೇವೆ. ಪಟಕ್ಕೆ ಹಾಕುವುದು ಸತ್ತವರಿಗೆ. ನೀವು ಸತ್ತಿದ್ದೀರಿ ಅಂದುಕೊಂಡೆ. ತಪ್ಪಾಯಿತು, ದೊಡ್ಡ ತಪ್ಪಾಯಿತು.”

ಮಾರ್ಗರೆಟ್ ಉಳಿದ ಪಟಗಳ ಕಡೆ ತಿರುಗಿ, ಹಾರವಿದ್ದವು, ಹಾರವಿಲ್ಲದವು ನೋಡಿ, ಬಾಯಿಗೆ ಕೈ ಅಡ್ಡ ಹಿಡಿದರು. “ಅಳತೆ!” ಎಂದು ಪಿಸುಗುಟ್ಟಿದರು.

ಮೊದಲು ನಿಕ್ ಫುಸ್ಕೊನ ಭುಜ ಅಲುಗಿತು. ಆಮೇಲೆ ಊರುಗೋಲು. ಆಮೇಲೆ ಮುದುಕ ಗೋಡೆ ಹಿಡಿದು, ಗಿಳಿಗಳೆಲ್ಲ ಕುಣಿಯುವಂತೆ ನಕ್ಕ. ಅವನ ನಗೆಗೆ ಇಡೀ ಲೈಬ್ರರಿ ಹೊತ್ತಿಕೊಂಡಿತು. ಸಾಲ್ ಅಂತೂ ಪುಸ್ತಕದ ಕಪಾಟಿಗೇ ಒರಗಿಬಿಟ್ಟ.

“ಆಯಸ್ಸು ಗಟ್ಟಿಯಾಯ್ತು ಅಂತ ಹೇಳಿ ಅವರಿಗೆ” ಎಂದರು ಅಕ್ಕಮ್ಮ, ನಗಲೂ ಆಗದೆ ಅಳಲೂ ಆಗದೆ. “ಸತ್ತ ಸುದ್ದಿ ಬಂದವರು ನೂರು ವರ್ಷ ಬಾಳ್ತಾರೆ ಅಂತ ಹೇಳಿ. ಆಮೇಲೆ ಮೊದಲು ಅದನ್ನ ತೆಗೀರಿ ರೀ, ಬದುಕಿರೋರ ಪಟಕ್ಕೆ, ಶಿವನೇ!”

ಬೋರಲಿಂಗಯ್ಯನವರು ಎರಡನ್ನೂ ಇಂಗ್ಲಿಷಿನಲ್ಲಿ ಹೇಳಿದರು. ಕುರ್ಚಿ ಎಳೆದುಕೊಂಡು ಹತ್ತಿದರು. ಹಾರದ ಗಂಟಿಗೆ ಕೈಹಾಕಿ ಕೆಳಗೆ ನೋಡಿದರು.

“ಅಪ್ಪಣೆ ಕೊಡಿ. ಪಟದಿಂದ ತೆಗೆದು ನಿಮ್ಮ ಕೊರಳಿಗೇ ಹಾಕುತ್ತೇನೆ. ಎಲ್ಲರ ಎದುರಿಗೆ. ದಯವಿಟ್ಟು.”

ನಿಕ್ ಫುಸ್ಕೊ ಕಣ್ಣೊರೆಸಿಕೊಂಡ. ಊರುಗೋಲನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿದ. ಅರವತ್ತು ವರ್ಷದಿಂದ ಬಾಲು ಮುಟ್ಟದ ಆ ಎಡಗೈ ಮೇಲಕ್ಕೆ ಚಾಚಿ, ಬೋರಲಿಂಗಯ್ಯನವರ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದ.

“ಇಲ್ಲ” ಎಂದ. “ಅವತ್ತು ಅಷ್ಟು ಚೆನ್ನಾಗಿ ಎಸೆದರೂ ಆ ಹುಡುಗನಿಗೆ ಒಂದು ಹೂವು ಹಾಕಿದವರಿಲ್ಲ. ನಾನು ಸತ್ತ ದಿನ ಬಂದು ಬೇಕಾದರೆ ತೆಗಿ. ಅಲ್ಲೀವರೆಗೆ ಅದನ್ನ ಮುಟ್ಟೋಕೆ ನಾನು ಬಿಡಲ್ಲ.”